ಸಂದಿ ಕಟ್ಟುವ ಕಸುಬು

ಮಸ್ಕಿ, ಸಂತೆಕಲ್ಲೂರು, ಲಿಂಗಸುಗೂರಿನ ಸೀಮೆಯಲ್ಲಿ ಬೆಳೆದವರಿಗೆ ಬಂಡೆಯ ಮೇಲೆ ಬಂಡೆ ಕೂತಿರುವುದು ಹೊಸದಲ್ಲ. ಈಗ ಉರುಳೀತು ಎನ್ನುವಂತೆ ಕಾಣುವ ಗುಂಡು ಅಜ್ಜನ ಕಾಲದಲ್ಲೂ ಹಾಗೇ ಕೂತಿತ್ತು. ಅದನ್ನು ಯಾರೂ ಜೋಡಿಸಿದ್ದಲ್ಲ. ಗ್ರಾನೈಟು ನೆಲದಡಿ ಇದ್ದಾಗಲೇ ಅಡ್ಡಡ್ಡ ಉದ್ದುದ್ದ ಸೀಳಿಕೊಂಡಿತ್ತು. ಸೀಳಿಗೆ ನೀರಿಳಿದು ಅಂಚು, ಮೂಲೆಗಳು ಮೊದಲು ಕೊಳೆತು ಮಣ್ಣಾದವು. ಆ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋದ ಮೇಲೆ ನಡುವಿನ ಗಟ್ಟಿ ಗುಂಡುಗಳು ಉಳಿದವು, ಅವುಗಳ ನಡುವೆ ಸಂದಿ ಉಳಿಯಿತು. ಮಧ್ಯಾಹ್ನದ ಬಿಸಿಲಿಗೆ ಬಂಡೆಯ ಬೆನ್ನ ಮೇಲೆ ಓತಿಕ್ಯಾತವೂ ನಿಲ್ಲದು. ಉಡ, ಗೂಬೆ, ಬಾವಲಿಗಳ ಸಂಸಾರವೆಲ್ಲ ಆ ಸಂದಿಯಲ್ಲೇ.

ಇಲ್ಲಿಂದ ಅರಬ್ಬಿ ಸಮುದ್ರ, ಹಕ್ಕಿ ಹಾರಿದ ದಾರಿ ಹಿಡಿದರೂ, ಸುಮಾರು 300 ಕಿಲೋಮೀಟರ್. ಆದರೂ ಸಂತೆಕಲ್ಲೂರಿನ ಪಡಸಾಲೆಯಲ್ಲಿ ಒಬ್ಬರಿಗೆ ಉಪ್ಪುನೀರಿನ ಮೀನುತೊಟ್ಟಿ ಇಡಬೇಕೆಂಬ ಆಸೆ ಹುಟ್ಟಿತು ಎಂದುಕೊಳ್ಳೋಣ. 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ತೊಟ್ಟಿಗೆ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಕಡಲಿನಷ್ಟು ಉಪ್ಪಾಗಿಸಲು 16 ಕಿಲೋ ಸಮುದ್ರದ ಉಪ್ಪಿನ ಮಿಶ್ರಣ ಬೇಕು; ಅಡುಗೆಯ ಉಪ್ಪು ನಡೆಯದು. ನೀರೊಂದರ ತೂಕವೇ ನಾಲ್ಕೂವರೆ ಕ್ವಿಂಟಲ್, ಅಂದರೆ ಸಿಂಧನೂರಿನ ಲೆಕ್ಕದಲ್ಲಿ ಆರು ಚೀಲ ಭತ್ತ. ಮೇಜು ತಡೆದೀತೇ ಎಂದು ಮೊದಲು ನೋಡಬೇಕು. ಆಮೇಲಿನ ಪ್ರಶ್ನೆ, ಒಳಗೆ ಯಾವ ಕಲ್ಲು?

ಕಲ್ಲಿಗೇನು ಬರ, ಊರ ತುಂಬ ಕಲ್ಲೇ ಎನ್ನಬಹುದು. ಆದರೆ ಊರ ಕಲ್ಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡರೆ ಪೇಚು ಶುರುವಾಗುತ್ತದೆ. ಗ್ರಾನೈಟು ನೀರಿಗೆ ಏನನ್ನೂ ಬಿಡುವುದಿಲ್ಲ, ಕೆಡುಕೂ ಇಲ್ಲ. ಆದರೆ ಅದರ ಮೈಯಲ್ಲಿ ರಂಧ್ರಗಳಿಲ್ಲ, ನೀರು ಒಳಗೆ ಇಳಿಯುವುದಿಲ್ಲ. ಹಟ್ಟಿ–ಮಸ್ಕಿ ಪಟ್ಟಿಯ ಕರಿಗಲ್ಲು ಇನ್ನೂ ಸ್ವಾರಸ್ಯದ್ದು: 250 ಕೋಟಿ ವರ್ಷಕ್ಕೂ ಹಿಂದೆ ಲಾವಾ ಹರಿದು ಆದ ಬಂಡೆ, ಅದರಲ್ಲಿ ಎಷ್ಟೋ ಭಾಗ ನೀರಿನ ಅಡಿಯಲ್ಲೇ ಉಕ್ಕಿದ್ದು. ಕಡಲ ತಳ ಮುಟ್ಟಿ ಬಂದ ಕಲ್ಲಲ್ಲವೇ ಎಂದು ಮರುಳಾಗಬಾರದು. ಚಿನ್ನದ ಅದಿರಿನ ಜೊತೆಗೆ ಅದರಲ್ಲಿ ಗಂಧಕ, ಕಬ್ಬಿಣ, ಆರ್ಸೆನಿಕ್ ಕೂಡಿದ ಖನಿಜಗಳಿರುತ್ತವೆ. ಮಿರಿಮಿರಿ ಮಿಂಚುವ ಚೂರು ಕಂಡರೆ ಅದನ್ನು ತೊಟ್ಟಿಯಿಂದ ದೂರವೇ ಇಡಬೇಕು. ಅದರಲ್ಲಿ ತಾಮ್ರವಿದ್ದರಂತೂ ಸಿಗಡಿ, ಹವಳದಂಥ ಬೆನ್ನೆಲುಬಿಲ್ಲದ ಜೀವಿಗಳಿಗೆ ಚೂರೇ ಚೂರಾದರೂ ವಿಷ.

ಇನ್ನು ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಪರಸಿ. ಇದು ನಿಜಕ್ಕೂ ಕಡಲ ಕಲ್ಲು. ಕಲಬುರಗಿ ಕಡೆಯ ಭೀಮಾ ಕೊಳ್ಳದಲ್ಲಿ, ಹವಳಗಳು ಭೂಮಿಯ ಮೇಲೆ ಹುಟ್ಟುವುದಕ್ಕೂ ಬಹಳ ಹಿಂದೆ, ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಆದದ್ದು. ಒಡೆದ ಚೂರಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ. ಹವಳದ ಎಲುಬೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟು. ಆದರೆ ಪರಸಿ ಒತ್ತಿಕೊಂಡು ಗಟ್ಟಿಯಾಗಿದೆ, ಹವಳದ ಕಲ್ಲು ಮೈತುಂಬ ರಂಧ್ರಗಳಿರುವ ಪೊಳ್ಳು ಕಲ್ಲು. ಸುಣ್ಣದ ಕಲ್ಲು ಇಟ್ಟರೆ ಅದು ಕರಗಿ ಹವಳಕ್ಕೆ ಕ್ಯಾಲ್ಸಿಯಂ ಒದಗಿಸುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ತಪ್ಪು. ಕಡಲ ನೀರಿನಲ್ಲಿ ಈಗಾಗಲೇ ಬೇಕಾದಷ್ಟು ಸುಣ್ಣದ ಅಂಶ ಕರಗಿರುವುದರಿಂದ ಆ ಕಲ್ಲು ಅಲ್ಲಿ ಕರಗದೆ ಹಾಗೇ ಕೂತಿರುತ್ತದೆ.

ಪೊಳ್ಳು ಕಲ್ಲೇ ಯಾಕೆ ಬೇಕು? ಇದಕ್ಕೆ ಉತ್ತರ ಹುಡುಕಲು ಕಡಲಿಗೆ ಹೋಗಬೇಕಿಲ್ಲ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಯಾವುದೇ ಭತ್ತದ ಗದ್ದೆಗೆ ಇಳಿದರೆ ಸಾಕು. ಗದ್ದೆಗೆ ಯೂರಿಯಾ ಉಗ್ಗಿದಾಗ ಅದು ಅಮೋನಿಯಾ ಆಗುತ್ತದೆ. ನಿಂತ ನೀರಿನ ಕೆಳಗೆ, ಕೆಸರಿನ ಮೇಲ್ಮೈಯ ಕೆಲವೇ ಮಿಲಿಮೀಟರ್ ದಪ್ಪದ ಪದರಕ್ಕೆ ಮಾತ್ರ ಆಮ್ಲಜನಕ ತಲುಪುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟ್ ಕೆಳಗಿನ ಕಪ್ಪು ಕೆಸರಿಗೆ ಇಳಿದರೆ ಅಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಬೇರೆ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿಕೊಂಡು ಕೊನೆಗೆ ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರೈತ ದುಡ್ಡು ಕೊಟ್ಟು ತಂದ ಗೊಬ್ಬರದಲ್ಲಿ ಒಂದು ಪಾಲು ಹೀಗೆ ಗುಳ್ಳೆಯಾಗಿ ಹೋಗುತ್ತದೆ. ಯೂರಿಯಾವನ್ನು ಒಂದೇ ಸಲ ಹಾಕದೆ ಕಂತುಕಂತಾಗಿ ಹಾಕಿ ಎಂದು ಕೃಷಿ ಅಧಿಕಾರಿಗಳು ಹೇಳುವುದಕ್ಕೆ ಇದೂ ಒಂದು ಕಾರಣ. ಸಂತೆಕಲ್ಲೂರು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಊರು. ಮೀನುತೊಟ್ಟಿಯನ್ನು ಗೊಬ್ಬರದ ಮಾತಿನಲ್ಲಿ ವಿವರಿಸಿದರೆ ಇಲ್ಲಿ ಯಾರೂ ಬೇಸರಪಡಲಿಕ್ಕಿಲ್ಲ.

ಪೊಳ್ಳು ಕಲ್ಲಿನ ಒಂದು ತುಂಡು ಅಂದರೆ ಮುಷ್ಟಿಯಷ್ಟು ಭತ್ತದ ಗದ್ದೆ. ಮೀನಿನ ಹೇಲು, ಉಳಿದ ಮೇವು ಕೊಳೆತು ಅಮೋನಿಯಾ ಹುಟ್ಟುತ್ತದೆ. ಕಲ್ಲಿನ ಹೊರಮೈಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ, ಆಮ್ಲಜನಕ ಮುಟ್ಟದ ಒಳಗಿನ ರಂಧ್ರಗಳಲ್ಲಿ ಅದು ಸಾರಜನಕವಾಗಿ ತೊಲಗುತ್ತದೆ. ಗದ್ದೆಯಲ್ಲಿ ನಷ್ಟದ ಬಾಬತ್ತು, ತೊಟ್ಟಿಯಲ್ಲಿ ಅದೇ ಲಾಭ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯುತ್ತದೆ. ಅಷ್ಟು ದಿನ ಬರೀ ಕಲ್ಲು, ನೀರು ನೋಡುತ್ತ ಕೂರುವ ತಾಳ್ಮೆ ಇಲ್ಲದವರ ಮೀನುಗಳು ಮೊದಲ ವಾರಗಳಲ್ಲೇ ಸಾಯುವುದುಂಟು.

ಈ ಗುಟ್ಟನ್ನು ಮೊದಲು ಜಗತ್ತಿಗೆ ಬರೆದು ತಿಳಿಸಿದವರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಒಬ್ಬರು. ಕಡಲಿನಿಂದ ತಂದ ‘ಜೀವಂತ ಕಲ್ಲು’ (ಜೀವಿಗಳು ನೆಲೆಸಿದ ಪೊಳ್ಳು ಕಲ್ಲು) ಮತ್ತು ಸಣ್ಣಗೆ ಗಾಳಿಗುಳ್ಳೆ, ಇಷ್ಟರಲ್ಲೇ ತೊಟ್ಟಿ ನಡೆಸಬಹುದು ಎಂದು 1961ರಲ್ಲಿ ಅವರು ಬರೆದರು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅದಕ್ಕೆ ನೊರೆ ತೆಗೆಯುವ ಯಂತ್ರ, ಜೋರು ಬೆಳಕು, ಜೋರು ಹರಿವು ಸೇರಿಸಿ ಒಂದು ಪದ್ಧತಿಯನ್ನೇ ಮಾಡಿದರು.

ಜೋಡಿಸುವ ಕೆಲಸಕ್ಕೆ ನಮ್ಮ ಗೌಂಡಿಯನ್ನು ಕರೆದರೆ ಅರ್ಧ ಒಳ್ಳೆಯದು, ಅರ್ಧ ಆಪತ್ತು. ಕಲ್ಲು ಅಲುಗದಂತೆ ಮೂರು ಕಡೆ ತಾಗಿಸಿ ಕೂರಿಸುವುದು ಅವನಿಗೆ ಗೊತ್ತು. ಕೆಳಗಿನ ಕಲ್ಲು ಮರಳಿನ ಮೇಲೆ ಕೂರದೆ ನೇರವಾಗಿ ತಳದ ಮೇಲೆ ಕೂರಬೇಕೆಂದು ಅವನಿಗೆ ಹೇಳಿಕೊಡಬೇಕಿಲ್ಲ. ಗೋಬಿ ಮೀನೋ ಸಿಗಡಿಯೋ ಬುಡದ ಮರಳು ತೋಡಿದರೆ ಇಡೀ ಗುಡ್ಡ ಗಾಜಿನ ಮೇಲೆ ಬಿದ್ದೀತು. ಆದರೆ ಗೋಡೆ ಕಟ್ಟುವವನ ಕೈ ಸಂದಿ ಕಂಡ ಕಡೆ ಚಕ್ಕೆ ತುರುಕುತ್ತದೆ. ತೊಟ್ಟಿಯಲ್ಲಿ ಅದೇ ತಪ್ಪು. ಹಿಂದಿನ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಿದ ಕಲ್ಲಿನ ಹಿಂದೆ ನೀರು ಸುಳಿಯುವುದಿಲ್ಲ. ಅಲ್ಲಿ ಹೊಲಸು ಕೂತು ಕೊಳೆಯುತ್ತದೆ, ಪಾಚಿ ಹಬ್ಬುತ್ತದೆ. ಹವಳ ಬೆಳೆಸುವ ತೊಟ್ಟಿಯಲ್ಲಿ ಪಂಪುಗಳು ಗಂಟೆಗೆ ಒಟ್ಟು ನೀರಿನ 20 ಪಟ್ಟಿಗೂ ಹೆಚ್ಚು ನೀರನ್ನು ತಳ್ಳುತ್ತವೆ. ಆ ಹರಿವು ಕಲ್ಲಿನ ಸುತ್ತ, ಅಡಿ, ನಡುವೆ ಹಾಯಲು ದಾರಿ ಬೇಕು. ನನ್ನ ಕೇಳಿದರೆ, ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ಬಯಲಾಗಿಯೇ ಇರಲಿ. ಎರಡು ದಿಬ್ಬ, ನಡುವೆ ಕಣಿವೆ, ಒಂದೆರಡು ಗವಿ, ಗಾಜಿಗೂ ಕಲ್ಲಿಗೂ ನಡುವೆ ಒರೆಸುವ ಕೈ ಹೋಗುವಷ್ಟು ಜಾಗ. ಮಸ್ಕಿಯ ಗುಡ್ಡ ನೋಡಿದವರಿಗೆ ಮಾದರಿ ಹುಡುಕುವ ಕಷ್ಟವಿಲ್ಲ.

ಹವಳವನ್ನು ಎಲ್ಲಿ ಕೂರಿಸಬೇಕೆಂಬುದು ಬೆಳಕಿನ ಮಾತು, ಜಗಳದ ಮಾತೂ ಹೌದು. ಹವಳ ಪ್ರಾಣಿಯೇ, ಆದರೆ ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಉಣಿಸುತ್ತದೆ. ಜಿಂಕೆಯ ಕೊಂಬಿನಂಥ ಅಕ್ರೊಪೊರಾಕ್ಕೆ ದಿಬ್ಬದ ನೆತ್ತಿ, ದಪ್ಪ ಮಾಂಸಲ ಹವಳಗಳಿಗೆ ಬುಡದ ನೆರಳು. ಜಗಳದ ವಿಷಯವನ್ನು 1970ರ ದಶಕದ ಆರಂಭದಲ್ಲಿ ಜಮೈಕಾದಲ್ಲಿ ವಿಜ್ಞಾನಿ ಜೂಡಿತ್ ಲ್ಯಾಂಗ್ ಬಯಲು ಮಾಡಿದರು: ಅಕ್ಕಪಕ್ಕ ತಾಗಿದ ಹವಳಗಳಲ್ಲಿ ಒಂದು ತನ್ನ ಜೀರ್ಣದ ಎಳೆಗಳನ್ನು ಹೊರಚಾಚಿ ಪಕ್ಕದ್ದನ್ನು ಇದ್ದಲ್ಲೇ ಅರಗಿಸಿಬಿಡುತ್ತದೆ. ಗ್ಯಾಲಾಕ್ಸಿಯಾದಂಥವು ರಾತ್ರಿ ಗೇಣುದ್ದದ ಕುಟುಕುವ ಬಾಹುಗಳನ್ನು ಬೀಸುತ್ತವೆ. ಹೊಲದ ಬದುವಿನ ತಂಟೆ ಕಂಡವರಿಗೆ ಇದು ಅರ್ಥವಾಗುತ್ತದೆ. ನಡುವೆ ಗೇಣಿಗಿಂತ ಹೆಚ್ಚು ಜಾಗ ಬಿಟ್ಟರೆ ವ್ಯಾಜ್ಯವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಬಚ್ಚಿಡಬಾರದು. ನಮ್ಮ ದೇಶದಲ್ಲಿ ಕಡಲಿನಿಂದ ಹವಳ ಕಿತ್ತು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟಕ್ಕೆ, ಹುಲಿಯ ಸಾಲಿಗೆ, ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಗಿದೆ. ಸತ್ತ ಹವಳದ ತುಂಡಾದರೂ ಅದು ವನ್ಯಜೀವಿಯ ಅವಶೇಷವೇ. ಆದ್ದರಿಂದ ಸಂತೆಕಲ್ಲೂರಿನ ತೊಟ್ಟಿಗೆ ಬೇಕಾದ ಪೊಳ್ಳು ಕಲ್ಲು ಕಡಲಿನಿಂದ ಬರುವಂತಿಲ್ಲ, ಸುಟ್ಟ ಮಣ್ಣಿನದೋ ಸಿಮೆಂಟಿನದೋ ಆಗಬೇಕು. ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ರಂಧ್ರ, ಅದು ಯಾರ ಮನೆಯದು ಎಂದು ಅವು ಕೇಳುವುದಿಲ್ಲ. ಇನ್ನು ಮೇ ತಿಂಗಳಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟಿ, ಕರೆಂಟು ಹೋಗಿ, ಪಂಪು ನಿಂತು, ನೀರು 30 ಡಿಗ್ರಿ ಮೀರಿದರೆ ಮೀನಿಗೂ ಉಸಿರು ಕಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಇನ್ವರ್ಟರ್ ಇಲ್ಲದ ಮನೆಯವರು ಈ ಸಾಹಸಕ್ಕೆ ಇಳಿಯದಿರುವುದೇ ವಾಸಿ.

ಹವಳವನ್ನೇ ನೋಡಬೇಕೆನ್ನುವವರು ಮುರುಡೇಶ್ವರದ ಬಸ್ಸು ಹತ್ತಬೇಕು. ಅಲ್ಲಿಂದ ದೋಣಿಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ನೇತ್ರಾಣಿ ಗುಡ್ಡ ಎಂಬ ದ್ವೀಪ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಅಲ್ಲಿ ಮುಳುಗಿದವರಿಗೆ, ಗುಡ್ಡದ ಬುಡದಲ್ಲಿ ಬಂಡೆಯ ಮೇಲೆ ಬಂಡೆ ಉರುಳಿ ಬಿದ್ದಿರುವುದು ಕಾಣುತ್ತದೆ. ಹವಳ ಆ ಬಂಡೆಗಳ ಬೆನ್ನಿಗೆ ಅಂಟಿ ಬೆಳೆದಿದೆ. ಚಿಟ್ಟೆಮೀನು, ಗಿಳಿಮೀನುಗಳು ಹೊರಗೆ ಓಡಾಡುತ್ತವೆ, ಮೊರೆ ಹಾವುಮೀನು ಸಂದಿಯಿಂದ ಮೂತಿ ಮಾತ್ರ ಹಾಕಿ ನೋಡುತ್ತದೆ.