ಕಂಬಕ್ಕೊರಗಿ ನಿಂತ ಗಾಯಕಿ

1940ರ ದಶಕದಲ್ಲಿ ಹಾಲಿವುಡ್ಡಿನ ಎಂಜಿಎಂ ಸಂಸ್ಥೆ ಹೊರತಂದ ವೈಭವಯುತ ಸಂಗೀತಚಿತ್ರಗಳನ್ನು ಇಂದು ಬಿಡುವಾಗಿ ಕುಳಿತು ನೋಡುವ ರಸಿಕನಿಗೆ ಅವುಗಳಲ್ಲಿನ ಒಂದು ವೈಚಿತ್ರ್ಯ ಕಣ್ಣಿಗೆ ಬೀಳದಿರದು. ಕಥೆ ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ನಾಯಕನೂ ನಾಯಿಕೆಯೂ ಮುನಿದು, ಮತ್ತೆ ಒಲಿದು, ಒಂದಾಗುವ ಸಂಭ್ರಮದ ನಡುವೆ ಎಲ್ಲಿಂದಲೋ ಇಳಿದು ಬಂದವಳಂತೆ ಅಪ್ರತಿಮ ಸುಂದರಿಯೊಬ್ಬಳು ಕಂಬವೊಂದಕ್ಕೆ ಒರಗಿ ನಿಂತು, ಒಂದೋ ಎರಡೋ ಹಾಡು ಹಾಡಿ, ಯಾರೊಡನೆಯೂ ಮಾತನಾಡದೆ ಮರೆಯಾಗುತ್ತಾಳೆ. ಆಕೆ ಯಾರು, ಯಾರಿಗೆ ಏನಾಗಬೇಕು ಎಂಬುದನ್ನು ಕಥೆ ಹೇಳುವುದಿಲ್ಲ. ಹೇಳುವಂತಿರಲಿಲ್ಲ. ಕಪ್ಪುವರ್ಣದ ಹೆಣ್ಣು ಬೆಳ್ಳಿತೆರೆಯ ಮೇಲೆ ರಾಣಿಯಂತೆ ಮೆರೆಯುವುದನ್ನು ಸಹಿಸಲಾರದ ಅಮೆರಿಕದ ದಕ್ಷಿಣ ಸಂಸ್ಥಾನಗಳ ಚಿತ್ರಮಂದಿರಗಳಲ್ಲಿ ಆ ಭಾಗವನ್ನು ಕತ್ತರಿಸಿ ತೆಗೆದರೂ ಕಥೆಗೆ ಕುಂದು ಬಾರದಿರಲೆಂದು ಆ ದೃಶ್ಯಗಳನ್ನು ಮೊದಲೇ ಹಾಗೆ ಹೊಂದಿಸಿ ಇಡುತ್ತಿದ್ದರು. ಹೀಗೆ ಕತ್ತರಿಗೆಂದೇ ಸಿಂಗರಿಸಲ್ಪಟ್ಟ ಆ ಗಾಯಕಿಯೇ ಲೀನಾ ಹಾರ್ನ್.

ಲೀನಾ ಹುಟ್ಟಿದ್ದು 1917ರ ಜೂನ್ 30ರಂದು, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ. ತಂದೆ ಜೂಜಿನ ವ್ಯವಹಾರದವನು. ಮಗುವಿಗೆ ಮೂರು ವರ್ಷವಾಗಿದ್ದಾಗ ಮನೆ ಬಿಟ್ಟು ನಡೆದ. ತಾಯಿ ಊರಿಂದೂರಿಗೆ ಅಲೆಯುವ ನಾಟಕಮಂಡಳಿಯ ನಟಿ. ಆದುದರಿಂದ ಹುಡುಗಿಗೆ ಬಾಲ್ಯದಲ್ಲಿ ಗಟ್ಟಿ ನೆಲವೆಂದು ಒದಗಿದ್ದು ತಂದೆಯ ತಾಯಿ ಕೋರಾ ಹಾರ್ನ್ ಒಬ್ಬಾಕೆಯೇ. ಸ್ತ್ರೀಯರ ಮತದಾನದ ಹಕ್ಕಿಗಾಗಿಯೂ ತನ್ನ ಜನಾಂಗದ ಏಳಿಗೆಗಾಗಿಯೂ ದುಡಿಯುತ್ತಿದ್ದ ಈ ಅಜ್ಜಿ, ಎರಡು ವರ್ಷದ ಮೊಮ್ಮಗಳ ಹೆಸರನ್ನು ವರ್ಣೀಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ರಾಷ್ಟ್ರೀಯ ಸಂಘವಾದ ಎನ್‌ಎಎಸಿಪಿಯ ಸದಸ್ಯರ ಪಟ್ಟಿಗೆ ಸೇರಿಸಿಬಿಟ್ಟಳು. 1919ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ಅತ್ಯಂತ ಕಿರಿಯ ಸದಸ್ಯೆಯೆಂದು ಮಗುವಿನ ಭಾವಚಿತ್ರವೂ ಅಚ್ಚಾಯಿತು. ನಮ್ಮಲ್ಲಿ ಆ ವಯಸ್ಸಿನ ಮಕ್ಕಳಿಗೆ ಅಕ್ಷರಾಭ್ಯಾಸವೂ ಆಗಿರುವುದಿಲ್ಲ!

ಹದಿನಾರನೆಯ ವಯಸ್ಸಿನಲ್ಲಿ, 1933ರಲ್ಲಿ, ಮನೆಯ ಬಡತನ ಆಕೆಯನ್ನು ಹಾರ್ಲೆಮಿನ ಕಾಟನ್ ಕ್ಲಬ್ಬಿನ ನರ್ತಕಿಯರ ಸಾಲಿಗೆ ತಂದು ನಿಲ್ಲಿಸಿತು. ವೇದಿಕೆಯ ಮೇಲೆ ಕುಣಿಯುವವರೆಲ್ಲ ಕಪ್ಪುವರ್ಣದವರು, ಎದುರಿಗೆ ಕುಳಿತು ನೋಡುವವರೆಲ್ಲ ಬಿಳಿಯರು ಎಂಬುದು ಅಲ್ಲಿಯ ಕಟ್ಟಳೆ. ಮುಂದೆ ವಾದ್ಯವೃಂದಗಳೊಡನೆ ಊರೂರು ತಿರುಗಿ, ಒಂದು ವಿವಾಹವಾಗಿ, ಇಬ್ಬರು ಮಕ್ಕಳ ತಾಯಾಗಿ, ಕಡೆಗೆ 1942ರಲ್ಲಿ ಎಂಜಿಎಂ ಸಂಸ್ಥೆಯೊಡನೆ ಏಳು ವರ್ಷಗಳ ಕರಾರಿಗೆ ರುಜು ಹಾಕುವ ಹೊತ್ತಿಗೆ, ಎಂದೋ ಮನೆ ಬಿಟ್ಟಿದ್ದ ತಂದೆಯೇ ಸೊಗಸಾದ ಉಡುಪು ಧರಿಸಿ ಬಂದು ಮಗಳ ಪಕ್ಕದಲ್ಲಿ ಕುಳಿತ. ತೆರೆಯ ಮೇಲೆ ಮನೆಗೆಲಸದವಳ ಪಾತ್ರ ವಹಿಸುವ ಅಗತ್ಯ ತನ್ನ ಮಗಳಿಗಿಲ್ಲ, ಅಂಥ ಕೆಲಸದವಳನ್ನು ಸಂಬಳ ಕೊಟ್ಟು ಮಗಳಿಗಾಗಿ ಇಡುವ ಶಕ್ತಿ ತನಗಿದೆ ಎಂದು ಆತ ಸಂಸ್ಥೆಯ ಮುಖ್ಯಸ್ಥ ಲೂಯಿ ಮೇಯರನಿಗೆ ನೇರವಾಗಿಯೇ ತಿಳಿಸಿದ.

ಈ ನಿಷ್ಠುರತೆಗೆ ತೆತ್ತ ಬೆಲೆ ಅಲ್ಪವಲ್ಲ. ಮನೆಗೆಲಸದವರಾಗಿಯೂ ಗುಂಪಿನ ಕಾಡುಜನರಾಗಿಯೂ ನಟಿಸಿ ಹೊಟ್ಟೆ ಹೊರೆಯುತ್ತಿದ್ದ ಆಕೆಯ ಜನಾಂಗದ ಕಲಾವಿದರೇ ತಮ್ಮ ಅನ್ನಕ್ಕೆ ಸಂಚಕಾರ ಬಂತೆಂದು ಸಿಡುಕಿದರು. ಆ ದಿನಗಳಲ್ಲಿ ಆಕೆಯನ್ನು ಮನೆಗೆ ಕರೆದು ಸಂತೈಸಿದವಳು, ದಾಸಿಯ ಪಾತ್ರದಿಂದಲೇ ಆಸ್ಕರ್ ಗಳಿಸಿದ್ದ ಹ್ಯಾಟಿ ಮೆಕ್‌ಡೇನಿಯಲ್ ಎಂಬುದನ್ನು ನೆನೆದಾಗ ಮನಸ್ಸು ತುಂಬಿ ಬರುತ್ತದೆ. 1943ರಲ್ಲಿ ‘ಕ್ಯಾಬಿನ್ ಇನ್ ದ ಸ್ಕೈ’, ‘ಸ್ಟಾರ್ಮಿ ವೆದರ್’ ಎಂಬ, ಕಪ್ಪು ಕಲಾವಿದರೇ ತುಂಬಿದ್ದ ಎರಡು ಚಿತ್ರಗಳಲ್ಲಿ ಆಕೆಗೆ ನಿಜವಾದ ಪಾತ್ರಗಳು ದೊರೆತವು. ಅದರಾಚೆಗೆ ಮತ್ತೆ ಅದೇ ಕಂಬ. ‘ಷೋ ಬೋಟ್’ ಚಿತ್ರದ ಮಿಶ್ರವರ್ಣದ ಜೂಲಿಯ ಪಾತ್ರವನ್ನು ಆಕೆ ಬಯಸಿದ್ದಳು. 1951ರಲ್ಲಿ ಅದು ಬಿಳಿಯಳಾದ ಆವಾ ಗಾರ್ಡ್ನರಳ ಪಾಲಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಹಾಡಲು ಹೋದಾಗ, ಶಿಬಿರವೊಂದರಲ್ಲಿ ಜರ್ಮನ್ ಯುದ್ಧಕೈದಿಗಳು ಮುಂದೆಯೂ, ಅಮೆರಿಕದ ಸಮವಸ್ತ್ರವನ್ನೇ ತೊಟ್ಟ ಕಪ್ಪು ಯೋಧರು ಅವರ ಹಿಂದೆಯೂ ಕುಳಿತಿರುವುದನ್ನು ಕಂಡು, ಆಕೆ ವೇದಿಕೆಯಿಂದಿಳಿದು, ಕೈದಿಗಳನ್ನು ದಾಟಿ ನಡೆದು, ಅವರಿಗೆ ಬೆನ್ನು ಮಾಡಿ ನಿಂತು ತನ್ನವರಿಗಾಗಿ ಹಾಡಿದಳು. ಆಕೆಯ ಸಮಗ್ರ ಚಲನಚಿತ್ರಗಳಿಗಿಂತ ಆ ಹತ್ತಿಪ್ಪತ್ತು ಹೆಜ್ಜೆಗಳೇ ಹಿರಿದೆಂದು ನನ್ನ ಭಾವನೆ.

1947ರಲ್ಲಿ ಎಂಜಿಎಂನ ಸಂಗೀತ ನಿರ್ದೇಶಕನಾದ, ಬಿಳಿಯನಾದ ಲೆನ್ನಿ ಹೇಟನ್‌ನನ್ನು ಆಕೆ ವರಿಸಿದ್ದು ದೂರದ ಪ್ಯಾರಿಸ್ಸಿನಲ್ಲಿ. ಏಕೆಂದರೆ ಅಂಥ ವಿವಾಹ ಆಗ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಮೂರು ವರ್ಷ ಅದನ್ನು ಗುಟ್ಟಾಗಿಡಬೇಕಾಯಿತು. ಹಾಡುಗಾರ ಪಾಲ್ ರಾಬ್ಸನ್ನನ ಸ್ನೇಹವೂ, ಹಕ್ಕುಗಳ ಪರ ಆಡಿದ ಮಾತುಗಳೂ ಸೇರಿ ಕಮ್ಯುನಿಸ್ಟ್ ಎಂಬ ಶಂಕೆಯ ಕಪ್ಪುಪಟ್ಟಿಗೆ ಆಕೆಯನ್ನು ನೂಕಿದವು. ಚಿತ್ರಗಳು ದೂರವಾದಾಗ ಐಷಾರಾಮಿ ಹೋಟೆಲುಗಳ ಸಂಗೀತಸಂಜೆಗಳು ಕೈಹಿಡಿದವು. ಶಾರೀರದ ಐಶ್ವರ್ಯದಲ್ಲಿ ಆಕೆ ಗಾಯಕಿ ಎಲಾ ಫಿಟ್ಜೆರಾಲ್ಡಳಿಗೆ ಸಮನಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಒಂದೊಂದು ಪದವನ್ನೂ ಹಲ್ಲಿನಲ್ಲಿ ಕಚ್ಚಿ ಬಿಡುವಂಥ ಆ ಉಚ್ಚಾರಣೆ, ಶ್ರೋತೃಗಳನ್ನು ಸೆಳೆಯುತ್ತಲೇ ದೂರವಿರಿಸುವ ಆ ಹಿಮದಂಥ ಬಿಗುಮಾನ ಮತ್ತೊಬ್ಬಳಿಗೆ ಒಲಿದುದಿಲ್ಲ. ಆ ಬಿಗುಮಾನವೂ ಒಂದು ಕೋಟೆಯೆಂದು, ತನ್ನನ್ನು ನೋಡಬಹುದು, ಮುಟ್ಟಲಾಗದು ಎಂಬ ಪಣವೆಂದು ಆಕೆಯೇ ಮುಂದೆ ಹೇಳಿಕೊಂಡಳು.

ಕೋಟೆ ಬಿರಿದದ್ದು ಅರವತ್ತರ ದಶಕದಲ್ಲಿ. 1960ರಲ್ಲಿ ಬೆವರ್ಲಿ ಹಿಲ್ಸ್‌ನ ಉಪಾಹಾರಗೃಹವೊಂದರಲ್ಲಿ ತನ್ನ ವರ್ಣವನ್ನೆತ್ತಿ ಹೀನಾಯವಾಗಿ ನುಡಿದವನ ಮೇಲೆ ಆಕೆ ಕೈಗೆ ಸಿಕ್ಕ ಸಾಮಾನನ್ನೆಲ್ಲ ಎಸೆದಳು. ದೇಶದ ಮೂಲೆಮೂಲೆಯಿಂದ ಬಂದ ಅಭಿನಂದನೆಯ ತಂತಿಗಳನ್ನು ಓದಿದ ಮೇಲೆಯೇ ತನ್ನ ಜನ ತನ್ನಿಂದ ಏನನ್ನು ಬಯಸಿದ್ದರೆಂಬುದು ಆಕೆಗೆ ಹೊಳೆಯಿತಂತೆ. 1963ರ ಜೂನ್ 7ರಂದು ಮಿಸಿಸಿಪಿಯ ಜಾಕ್ಸನ್ ನಗರದ ಸಭೆಯಲ್ಲಿ ಹಕ್ಕುಗಳ ಹೋರಾಟದ ಮುಂದಾಳು ಮೆಡ್ಗರ್ ಎವರ್ಸ್‌ನ ಪಕ್ಕದಲ್ಲಿ ನಿಂತು ಮಾತನಾಡಿದಳು; ಐದು ದಿನಗಳೊಳಗೆ ಆತ ತನ್ನ ಮನೆಯೆದುರಿನಲ್ಲೇ ಗುಂಡಿಗೆ ಬಲಿಯಾದ. ಅದೇ ವರ್ಷದ ಆಗಸ್ಟಿನಲ್ಲಿ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ ಮಹಾಯಾತ್ರೆಯಲ್ಲಿ ಆಕೆಯೂ ಇದ್ದಳು.

1970 ಮತ್ತು 71ರಲ್ಲಿ ತಂದೆ, ಮಗ, ಗಂಡ ಮೂವರೂ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಇನ್ನು ಆಕೆಯ ಕಥೆ ಮುಗಿಯಿತೆಂದು ಬಗೆದವರಿಗೆ 1981ರ ಮೇ 12ರ ರಾತ್ರಿ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಉತ್ತರ ದೊರೆಯಿತು. ‘ದ ಲೇಡಿ ಅಂಡ್ ಹರ್ ಮ್ಯೂಸಿಕ್’ ಎಂಬ ಆ ಪ್ರದರ್ಶನದಲ್ಲಿ ‘ಸ್ಟಾರ್ಮಿ ವೆದರ್’ ಹಾಡನ್ನು ಆಕೆ ಎರಡು ಬಾರಿ ಹಾಡುತ್ತಿದ್ದಳು: ಒಮ್ಮೆ ಹಳೆಯ ಚಿತ್ರದ ತರುಣಿಯಂತೆ, ಇನ್ನೊಮ್ಮೆ ಎಲ್ಲವನ್ನೂ ಉಂಡು ಬಂದ ಹೆಂಗಸಿನಂತೆ. ಇಡಿಯ ಸಂಜೆಯೇ ಆಕೆಯದಾಗಿದ್ದುದರಿಂದ ಕತ್ತರಿಗೆ ಅಲ್ಲಿ ಎಡೆಯಿರಲಿಲ್ಲ. 333 ಪ್ರದರ್ಶನಗಳ ಬಳಿಕ, ಆಕೆಯ 65ನೆಯ ಹುಟ್ಟುಹಬ್ಬದಂದು ತೆರೆ ಬಿದ್ದಿತು.

2010ರ ಮೇ 9ರಂದು, 92ನೆಯ ವಯಸ್ಸಿನಲ್ಲಿ ಲೀನಾ ನಿಧನಹೊಂದಿದಳು. 2022ರಲ್ಲಿ ಬ್ರಾಡ್‌ವೇಯ ಬ್ರೂಕ್ಸ್ ಆಟ್ಕಿನ್ಸನ್ ರಂಗಮಂದಿರಕ್ಕೆ ಲೀನಾ ಹಾರ್ನ್ ರಂಗಮಂದಿರವೆಂದು ಮರುನಾಮಕರಣವಾಯಿತು. ಅಲ್ಲಿಯ ರಂಗಮಂದಿರಗಳ ಪೈಕಿ ಕಪ್ಪುವರ್ಣದ ಮಹಿಳೆಯ ಹೆಸರನ್ನು ಹೊತ್ತವುಗಳಲ್ಲಿ ಅದೇ ಮೊದಲನೆಯದು.