ಸೂರಿನಡಿ ಒಂದು ತೆನೆತೋರಣ



ಸುಗ್ಗಿಯಲ್ಲಿ ಒಂದು ಹಿಡಿ ತೆನೆಯನ್ನು ಸೂರಿನಡಿ ತೂಗಹಾಕುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ಮನೆಗೆ ಅದು ಅಲಂಕಾರ, ಗುಬ್ಬಿಗೆ ಆಹಾರ. ನಾರ್ವೆ ದೇಶದ ರೈತರೂ ಕ್ರಿಸ್ಮಸ್ ಕಾಲದಲ್ಲಿ ಓಟ್ಸ್ ಸಿವುಡನ್ನು ಕಂಬಕ್ಕೆ ಕಟ್ಟಿ ಹಕ್ಕಿಗಳಿಗೆ ಬಿಡುತ್ತಾರೆ.

“ಬೆಳೆ ತಿನ್ನುವ ಹಕ್ಕಿಗೆ ನಾವೇ ಕಾಳು ಹಾಕುವುದೇ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಗುಬ್ಬಿ ಕಾಳು ತಿನ್ನುತ್ತದೆ. ಆದರೆ ತನ್ನ ಮರಿಗಳಿಗೆ ಹೆಚ್ಚಾಗಿ ಹುಳು, ಕೀಟಗಳನ್ನೇ ಉಣಿಸುತ್ತದೆ. ಚೀನಾದಲ್ಲಿ 1958ರಲ್ಲಿ ಗುಬ್ಬಿಯನ್ನು ಪೀಡೆಯೆಂದು ಸಾರಿ ಕೊಲ್ಲಿಸಿದರು. ಕೀಟಗಳ ಹಾವಳಿ ಹೆಚ್ಚಿತು; 1960ರಲ್ಲಿ ಗುಬ್ಬಿಯನ್ನು ಪೀಡೆಗಳ ಪಟ್ಟಿಯಿಂದ ಕೈಬಿಡಬೇಕಾಯಿತು.

ಮಾಡುವ ಕ್ರಮ:

1. ಜೋಳ, ಸಜ್ಜೆ ಅಥವಾ ಭತ್ತದ ಬಲಿತ ತೆನೆಗಳನ್ನು ಒಂದು ಗೇಣು ಕಡ್ಡಿಯೊಡನೆ ಕೊಯ್ದು ನೆರಳಿನಲ್ಲಿ ಒಣಗಿಸಿರಿ.

2. ಇಪ್ಪತ್ತು-ಮೂವತ್ತು ತೆನೆಗಳ ಕಟ್ಟು ಮಾಡಿ ಬಾಳೆನಾರು ಅಥವಾ ತೆಂಗಿನ ನಾರಿನಿಂದ ಬಿಗಿಯಿರಿ. ನಮ್ಮ ತಿರುಪ್ಪೂರಿನಲ್ಲಿ ಬನಿಯನ್ ಕಾರ್ಖಾನೆಯ ಬಣ್ಣದ ನೂಲು ಸುಲಭವಾಗಿ ಸಿಗುತ್ತದೆ. ಅದು ಬೇಡ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ.

3. ಬೆಕ್ಕಿಗೆ ಎಟುಕದ ಎತ್ತರದಲ್ಲಿ, ಮಳೆ ಬೀಳದ ಕಡೆ ಕಟ್ಟಿರಿ. ಕಾಳನ್ನು ನೆಲಕ್ಕೆ ಚೆಲ್ಲಬೇಡಿ. ನವಿಲುಗಳು ಬಂದರೆ ಹೊಲಕ್ಕೇ ತೊಂದರೆ.

4. ತೆನೆ ಮುಗಿದ ಮೇಲೆ ತೆಂಗಿನ ಚಿಪ್ಪಿನಲ್ಲಿ ಸಜ್ಜೆ, ನುಚ್ಚು ತುಂಬಿ ತೂಗುಹಾಕಬಹುದು. ಉಪ್ಪು, ಎಣ್ಣೆಯ ತಿಂಡಿ ಹಾಕಬಾರದು. ಪಕ್ಕದಲ್ಲಿ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನವೂ ತೊಳೆದು ಬದಲಿಸಿರಿ.

ಒಂದು ಮಾತನ್ನು ನಾವು ಒತ್ತಿ ಹೇಳಬೇಕು. ಬಿತ್ತಿ ಉಳಿದ, ಔಷಧಿ ಬೆರೆಸಿ ಬಣ್ಣ ಹಚ್ಚಿದ ಬೀಜವನ್ನು ಎಂದಿಗೂ ಹಕ್ಕಿಗಳಿಗೆ ಹಾಕಬೇಡಿ. ಅದು ವಿಷ. ಕೋಳಿಗೂ ಸಲ್ಲದು, ಮಕ್ಕಳ ಕೈಗೂ ಸಿಗಬಾರದು. ಔಷಧಿ ಸಿಂಪಡಿಸಿದ ಹೊಲದ ತೆನೆಯನ್ನೂ ಬಳಸಬೇಡಿ. ಬೂಷ್ಟು ಹಿಡಿದದ್ದನ್ನು ಕೂಡಲೇ ತೆಗೆದುಹಾಕಿ. ಹಿಕ್ಕೆ ಬೀಳುವುದರಿಂದ ಬಾವಿ, ನೀರಿನ ತೊಟ್ಟಿ, ದನದ ಮೇವಿನ ಮೇಲೆ ತೋರಣ ಕಟ್ಟಬೇಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಇದೆಲ್ಲ ಮನೆಯಂಗಳದ ಹಕ್ಕಿಗಳಿಗೆ ಮಾತ್ರ. 2022ರಲ್ಲಿ ಪಕ್ಷಿಧಾಮವಾಗಿ, 2024ರಲ್ಲಿ ರಾಮ್ಸಾರ್ ತಾಣವಾದ ನಮ್ಮ ನಂಜರಾಯನ್ ಕೆರೆಗೆ ಹೋದಾಗ ಬ್ರೆಡ್ಡು, ಕಡಲೆಪುರಿ ಎಸೆಯಬೇಡಿ. ಅಲ್ಲಿನ ಹಕ್ಕಿಗಳು ತಮ್ಮ ಆಹಾರವನ್ನು ಕೆರೆಯಲ್ಲೇ ಕಂಡುಕೊಳ್ಳುತ್ತವೆ. ಅವಕ್ಕೆ ಬೇಕಾದುದು ಶುದ್ಧ ನೀರು ಮಾತ್ರ.

ಹೆಂಚಿನ ಮನೆಗಳು ಹೋಗಿ ತಾರಸಿ ಬಂದ ಮೇಲೆ ಗುಬ್ಬಿಗೆ ಗೂಡಿನ ಸಂದುಗಳು ಕಡಿಮೆಯಾಗಿವೆ. ಈ ಸುಗ್ಗಿಯಲ್ಲಿ ಮಕ್ಕಳ ಕೈಯಿಂದಲೇ ಒಂದು ತೋರಣ ಕಟ್ಟಿಸಿರಿ. ಖರ್ಚು ಒಂದು ಹಿಡಿ ತೆನೆ.