ಗಾಲಿಯ ಮೇಲೆ ಮನೆ, ಗಡ್ಡಿಯ ಮೇಲೆ ಡೇರೆ

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಕ್ಯಾಂಪಿಗೆ ಹೋಗಬೇಕ್ರಿ’ ಅಂದರೆ ಯಾರೂ ನಗುವುದಿಲ್ಲ. ‘ಯಾವ ಕ್ಯಾಂಪ್ರಿ?’ ಅಂತ ಕೇಳುತ್ತಾರೆ, ಅಷ್ಟೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲ ಕೊಂಡು ಭತ್ತ ಬೆಳೆದವರ ಕ್ಯಾಂಪುಗಳು ಒಂದು ಕಡೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿಗಳಿಗೆ ಸರಕಾರ ನೆಲೆ ಮಾಡಿಕೊಟ್ಟ ಆರ್.ಎಚ್. ಕ್ಯಾಂಪುಗಳು ಇನ್ನೊಂದು ಕಡೆ. ಡೇರೆ, ಗುಡಿಸಲು ಹೋಗಿ ಆರ್‌ಸಿಸಿ ಮನೆಗಳು ಎದ್ದವು, ಮೊಮ್ಮಕ್ಕಳು ಕಾಲೇಜಿಗೆ ಹೋದರು. ಹೆಸರು ಮಾತ್ರ ಇವತ್ತಿಗೂ ಕ್ಯಾಂಪೇ.

ದೊಡ್ಡ ಊರಿನ ಮಂದಿಗೆ ಕ್ಯಾಂಪು ಅಂದರೆ ಬೇರೆ. ಅವರದು ಖುಷಿಯ ಕ್ಯಾಂಪು. ಒಂದು ಮೋಟಾರು ವ್ಯಾನು. ಅದರೊಳಗೇ ಹಾಸಿಗೆ, ಗ್ಯಾಸಿನ ಒಲೆ, ಕೈ ತೊಳೆಯುವ ಬೋಗುಣಿ, ಮೂಲೆಯಲ್ಲಿ ಸಂಡಾಸು. ಸಮುದ್ರದ ದಂಡೆಗೋ ದ್ವೀಪಕ್ಕೋ ಹೋಗಿ ನಿಲ್ಲಿಸುವುದು, ಮಡಿಸುವ ಕುರ್ಚಿ ಹೊರಗೆ ಹಾಕುವುದು, ಅಲೆ ನೋಡುತ್ತ ಚಹಾ ಕುಡಿಯುವುದು, ರಾತ್ರಿ ಅಲ್ಲೇ ಮಲಗುವುದು. ವ್ಯಾನು ಇಲ್ಲದವರು ಡೇರೆ ಹೊಡೆಯುತ್ತಾರೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದು ಹಳೇ ಸಂಗತಿ. ನಮ್ಮ ನೆರೆಯ ಕೇರಳ ಸರಕಾರ 2021ರಲ್ಲಿ ಇದಕ್ಕೆಂದೇ ಒಂದು ನೀತಿ ಸಾರಿ, 2022ರಲ್ಲಿ ವಾಗಮಣ್‌ನಲ್ಲಿ ಇಂಥ ಬಂಡಿಗಳು ನಿಲ್ಲುವ ಮೊದಲ ತಾಣ ತೆರೆಯಿತು. ಬೆಂಗಳೂರಿನಲ್ಲೂ ಇಂಥ ವ್ಯಾನು ಬಾಡಿಗೆಗೆ ಸಿಗುತ್ತದೆ.

ನಮ್ಮ ಕಡೆಯ ಕುರಿಗಾರರನ್ನು ಕೇಳಿದರೆ ಇದೇನು ಹೊಸದು ಅಂದಾರು. ಸುಗ್ಗಿ ಮುಗಿದ ಹೊಲಕ್ಕೆ ಕುರಿ ಹೊಡೆದುಕೊಂಡು ಬರುವ ಅವರ ಇಡೀ ಸಂಸಾರ ಕುದುರೆಯ ಬೆನ್ನ ಮೇಲಿರುತ್ತದೆ. ಕಂಬಳಿ, ಗಡಿಗೆ, ಕೋಳಿ, ಕೂಸು ಎಲ್ಲ ಅದರ ಮೇಲೆಯೇ. ವ್ಯತ್ಯಾಸ ಇಷ್ಟೇ: ವ್ಯಾನಿನವರು ರಾತ್ರಿ ತಂಗಿದ್ದಕ್ಕೆ ಹೊಲದವನಿಗೆ ದುಡ್ಡು ಕೊಡಬೇಕು. ಕುರಿಗಾರ ತಂಗಿದರೆ ಗೊಬ್ಬರ ಬೀಳುತ್ತದೆ ಅಂತ ಹೊಲದವನೇ ಅವನಿಗೆ ಕೊಡುತ್ತಾನೆ. ಯಾರು ಶಾಣ್ಯಾ ನೀವೇ ಹೇಳಿ.

ಇರಲಿ. ಸಮುದ್ರ ಎಲ್ಲಿ, ಮುಕ್ಕುಂದ ಎಲ್ಲಿ ಅಂತ ಓದುಗರು ಕೇಳಬಹುದು. ಸಮುದ್ರದ ದ್ವೀಪವೇ ಆಗಬೇಕೆಂದರೆ ನಮ್ಮ ರಾಜ್ಯದಲ್ಲಿ ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪ ಇದೆ. ಕಂಬ ಕಂಬವಾಗಿ ನಿಂತ ಕಲ್ಲು, ತೆಂಗಿನ ಮರ, ಸುತ್ತ ನೀಲಿ ನೀರು. ಆದರೆ ಅಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಸಂಜೆಯೊಳಗೆ ವಾಪಸು. ಮಳೆಗಾಲ ಬಂತೆಂದರೆ ದೋಣಿಯೂ ಬಂದ್. ದೇಶದೇಶದ ಮಂದಿ ವಾರಗಟ್ಟಲೆ, ತಿಂಗಳುಗಟ್ಟಲೆ ಬಿದ್ದುಕೊಂಡಿದ್ದು ಹೆಸರು ಮಾಡಿದ ಗಡ್ಡಿ ಇರುವುದು ಕರಾವಳಿಯಲ್ಲಲ್ಲ. ಮುಕ್ಕುಂದದ ದಂಡೆಗೆ ಬರುವ ಇದೇ ತುಂಗಭದ್ರೆಯ ಮೇಲ್ಭಾಗದಲ್ಲಿ, ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡಿ ಅದು. ಅದರ ಕಥೆ ನಮ್ಮ ದಂಡೆಯವರು ತಿಳಿದಿರಲೇಬೇಕು.

ಹಂಪಿಯ ವಿರೂಪಾಕ್ಷನ ಗುಡಿಯ ಮುಂದೆ ಹೊಳೆಗಿಳಿದರೆ ಎದುರು ದಂಡೆಯೇ ಗಡ್ಡಿ. ಹೊಳೆಯ ಕವಲುಗಳ ನಡುವೆ ಸಿಕ್ಕ ನೆಲ, ಹಸಿರು ಭತ್ತದ ಗದ್ದೆ, ಬಾಳೆ, ಸುತ್ತ ಬೆಣಚುಗಲ್ಲಿನ ಗುಡ್ಡ. 1960ರ, 70ರ ದಶಕದಲ್ಲಿ ಯುರೋಪಿನ ಹಿಪ್ಪಿಗಳು ಹಳೇ ಬಸ್ಸು, ಫೋಕ್ಸ್‌ವ್ಯಾಗನ್ ವ್ಯಾನು ಹತ್ತಿ ಟರ್ಕಿ, ಇರಾನು, ಅಫಘಾನಿಸ್ತಾನ ದಾಟಿ ರಸ್ತೆಯ ಮೇಲೆಯೇ ಹಿಂದೂಸ್ತಾನಕ್ಕೆ ಬರುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅಫಘಾನಿಸ್ತಾನದಲ್ಲಿ ರಶಿಯಾದ ಸೈನ್ಯ. ಆ ದಾರಿ ಮುಚ್ಚಿತು. ಆದರೆ ಗೋವಾಕ್ಕೆ ಬಂದವರು ಹಂಪಿಗೂ ಬರುವ ರೂಢಿ ಉಳಿಯಿತು. ಗುಡಿಯ ಕಡೆ ಮಾಂಸ, ಮದ್ಯ ನಿಷಿದ್ಧ. ಹೊಳೆ ದಾಟಿದರೆ ಕೇಳುವವರಿಲ್ಲ. ಗಡ್ಡಿಯ ಮೇಲೆ ಒಂದೊಂದೇ ಗುಡಿಸಲು, ಜೋಕಾಲಿ, ಹೋಟೆಲು ಎದ್ದವು. ವಿದೇಶಿಯರು ಅದಕ್ಕೆ ‘ಹಿಪ್ಪಿ ಐಲ್ಯಾಂಡ್’ ಅಂತ ಹೆಸರಿಟ್ಟರು. ತೆಪ್ಪದವರಿಗೆ ಕೆಲಸ ಸಿಕ್ಕಿತು, ಮೊಪೆಡ್ಡು ಬಾಡಿಗೆ ಕೊಡುವವರು ಹುಟ್ಟಿಕೊಂಡರು. ಹಾಲು, ತರಕಾರಿ, ಬ್ರೆಡ್ಡು ಮಾರುವವರಿಗೆ ವ್ಯಾಪಾರ ಆಯಿತು. ಹೊಲದ ಕೂಲಿಯ ಹುಡುಗರು ಇಂಗ್ಲಿಷು, ಹೀಬ್ರೂ ಕಲಿತು ಆರ್ಡರು ತೆಗೆದುಕೊಳ್ಳತೊಡಗಿದರು.

ಇಷ್ಟೆಲ್ಲ ಆದದ್ದು ಯಾವ ಕಾಗದದ ಮೇಲೆ? ಅಲ್ಲೇ ಇತ್ತು ಗಂಟು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. 1988ರ ಸರಕಾರಿ ಅಧಿಸೂಚನೆಯ ರಕ್ಷಿತ ಪ್ರದೇಶದಲ್ಲಿ ಈ ಗಡ್ಡಿಯೂ ಬಂದಿತ್ತು. ಹಂಪಿಗೆಂದೇ 2002ರ ಕಾನೂನಿನಿಂದ ಒಂದು ಪ್ರಾಧಿಕಾರವೂ ಆಯಿತು. ನೆಲ ನಮ್ಮದೇ, ನಾವು ಕಟ್ಟಿದರೆ ಯಾರಿಗೇನು ಅಂತ ಮಾಲೀಕರು. ನೆಲ ನಿಮ್ಮದಿದ್ದರೂ ರಕ್ಷಿತ ಜಾಗದಲ್ಲಿ ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ ಅಂತ ಪ್ರಾಧಿಕಾರ. ಹೈಕೋರ್ಟು 2015ರಲ್ಲಿ ಮಾಲೀಕರ ವಿರುದ್ಧ ಹೇಳಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಜೆಸಿಬಿಗಳು ಗಡ್ಡಿಗೆ ಇಳಿದವು. ಅದೇ ತಿಂಗಳ ಕೊನೆಗೆ ಕೊರೋನಾದ ಲಾಕ್‌ಡೌನೂ ಬಂತು. ಅಡಿಗೆ ಹುಡುಗರು, ತೆಪ್ಪದವರು, ಬಟ್ಟೆ ಒಗೆಯುವವರು ಒಂದೇ ತಿಂಗಳಲ್ಲಿ ಎರಡೆರಡು ಸಲ ಬೀದಿಗೆ ಬಿದ್ದಂತಾಯಿತು.

ಕೋರ್ಟು ತಪ್ಪು ಮಾಡಿತು ಅಂತ ಈ ಅಂಕಣ ಹೇಳುವುದಿಲ್ಲ. ಆದರೆ ಮೊದಲ ಗುಡಿಸಲು ಎದ್ದ ದಿನ ‘ಬ್ಯಾಡಪ್ಪಾ’ ಅನ್ನದೆ ವರ್ಷಗಟ್ಟಲೆ ಕಣ್ಣು ಮುಚ್ಚಿ ಕೂತವರಿಗೆ ಯಾವ ಜೆಸಿಬಿಯೂ ತಾಗಲಿಲ್ಲ. ಅದೂ ಸತ್ಯ.

ಕೋರ್ಟಿಗಿಂತ ಮೊದಲೇ ಹೊಳೆ ಒಂದು ನೋಟೀಸು ಕೊಟ್ಟಿತ್ತು. 2019ರ ಆಗಸ್ಟಿನಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ಗಡ್ಡಿ ನಿಜವಾಗಿ ದ್ವೀಪವೇ ಆಯಿತು. ದೇಶಿ ವಿದೇಶಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರು ತಂದು ಹೊರಗೆ ತೆಗೆಯಬೇಕಾಯಿತು.

ಹೊಳೆಯ ನಡುವಿನ ನೆಲದ ಗುಣವೇ ಇದು. ಬೇಸಗೆಯಲ್ಲಿ ನೋಡಿದರೆ ಮುಕ್ಕುಂದದ ಕಡೆ ನೀರು ಸಣ್ಣಗೆ ಹರಿಯುತ್ತದೆ. ಬಂಡೆ, ಮರಳು, ತಂಪು ಗಾಳಿ. ಒಂದು ಡೇರೆ ಹೊಡೆದರೆ ಹೆಂಗ ಅಂತ ಯಾರಿಗಾದರೂ ಅನ್ನಿಸೀತು. ಆದರೆ ಈ ಹೊಳೆ ಮಳೆಯ ಮಾತು ಕೇಳಿ ಬರುವುದಲ್ಲ, ಮುನಿರಾಬಾದಿನ ಗೇಟಿನ ಮಾತು ಕೇಳಿ ಬರುವುದು. ನಮ್ಮ ತಲೆಯ ಮೇಲೆ ಒಂದು ಮೋಡ ಇಲ್ಲದಿದ್ದರೂ ಮಲೆನಾಡಿನಲ್ಲಿ ಹೊಡೆದ ಮಳೆ ಡ್ಯಾಮು ತುಂಬಿಸಿ, ಗೇಟು ಎತ್ತಿಸಿ, ಕಂಪ್ಲಿ ಸೇತುವೆ ಮುಳುಗಿಸಿ ನಮ್ಮ ದಂಡೆಗೆ ಬರುತ್ತದೆ. ಇನ್ನು 2024ರ ಆಗಸ್ಟ್ 10ರ ರಾತ್ರಿಯನ್ನು ಮರೆತವರುಂಟೆ? 33 ಗೇಟುಗಳಲ್ಲಿ 19ನೆಯದು ಚೈನು ಕಡಿದುಕೊಂಡು ಕೊಚ್ಚಿಹೋಯಿತು. ಒಂದು ವಾರ ಇಡೀ ಆಯಕಟ್ಟೇ ಉಸಿರು ಹಿಡಿದು ಕೂತಿತ್ತು. ಅಂಥ ಹೊತ್ತಿನಲ್ಲಿ ದಂಡೆಯ ಊರುಗಳಿಗೆ ಡಂಗುರ ಹೊಡೆಸಬಹುದು, ಮೈಕಿನಲ್ಲಿ ಕೂಗಬಹುದು, ಫೋನು ಹಚ್ಚಬಹುದು. ಮರಳಿನ ಮೇಲೆ ಡೇರೆಯೊಳಗೆ ಮಲಗಿದವನು ಅಲ್ಲಿದ್ದಾನೆ ಅಂತಲೇ ಯಾರಿಗೂ ಗೊತ್ತಿಲ್ಲದಿದ್ದರೆ ಅವನಿಗೆ ಹೇಳುವವರು ಯಾರು?

ಲಿಂಗಸುಗೂರು ಕಡೆಯ ಬಸ್ಸಿನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೃಷ್ಣೆಯ ನಡುವೆ ಕರಕಲಗಡ್ಡಿ, ಮ್ಯಾದರಗಡ್ಡಿ, ವಂಕಮ್ಮನಗಡ್ಡಿ ಅಂತ ಜನ ಬಾಳುವ ಗಡ್ಡಿಗಳಿವೆ. ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಅವರದು ಮಜಾದ ಕ್ಯಾಂಪಲ್ಲ. ದನಕರು, ಮುದುಕರು, ಬಸುರಿ ಹೆಂಗಸರು ಆಚೆ, ದವಾಖಾನೆ ಈಚೆ. ಗಡ್ಡಿಯ ಮೇಲೆ ರಾತ್ರಿ ಕಳೆಯುವುದಕ್ಕೆ ದುಡ್ಡು ಕೊಡುವವರಿದ್ದಾರೆ ಅಂತ ಅವರಿಗೆ ಹೇಳಿದರೆ ನಕ್ಕಾರು.

ವಿರೂಪಾಪುರ ಗಡ್ಡಿ ಖಾಲಿಯಾದ ಮೇಲೆ ಪ್ರವಾಸಿಗರೇನೂ ನಿಲ್ಲಲಿಲ್ಲ. ಸಣಾಪುರ, ಆನೆಗುಂದಿ, ಹನುಮನಹಳ್ಳಿ ಕಡೆ ಹೋಂಸ್ಟೇಗಳಿಗೆ ಬಂದರು. 2025ರ ಮಾರ್ಚ್ 6ರ ರಾತ್ರಿ ಸಣಾಪುರದ ಹತ್ತಿರ ಕಾಲುವೆ ಪಕ್ಕ ನಕ್ಷತ್ರ ನೋಡುತ್ತ ಕೂತವರ ಮೇಲೆ ದುಷ್ಟರು ಬಿದ್ದರು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗಂಡಸರನ್ನು ಕಾಲುವೆಗೆ ನೂಕಿದರು, ಒಬ್ಬ ತಿರುಗಿ ಬರಲಿಲ್ಲ. ಅದು ಬೇರೆ ಯಾವುದೋ ನೀರಲ್ಲ, ನಮ್ಮ ಎಡದಂಡೆ ಕಾಲುವೆಯೇ. ಸಿಂಧನೂರಿನ ಗದ್ದೆಗೆ ಬರುವ ನೀರೇ ಅದು.

ಇದನ್ನೆಲ್ಲ ಹೇಳಿದ್ದು ಯಾರೂ ಹೊಳೆದಂಡೆಗೆ ಬರಬಾರದು ಅಂತಲ್ಲ. ಜನ ಬರುತ್ತಾರೆ. ಸೋಮಲಾಪುರದ ಅಂಬಾದೇವಿ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದು ಬಯಲಲ್ಲಿ ಒಲೆ ಹೂಡಿ ಮಲಗುವ ರೂಢಿ ನಮಗೆ ಯಾರೂ ಕಲಿಸಿದ್ದಲ್ಲ. ರಾಯಚೂರಿನ ಕೃಷ್ಣೆಯಲ್ಲಿ ಕುರುವಪುರದ ನಡುಗಡ್ಡೆಗೆ ಭಕ್ತರು ನೀರು ದಾಟಿ ಹೋಗುತ್ತಾರೆ. ನಾಳೆ ಹಂಪಿ ನೋಡಿ ಮಂತ್ರಾಲಯಕ್ಕೆ ಹೊರಟ ವ್ಯಾನೊಂದು ಮುಕ್ಕುಂದದ ದಾರಿ ಹಿಡಿದರೆ ಆಶ್ಚರ್ಯವೇನಿಲ್ಲ. ಬಂದರೆ ಲಾಭವೂ ಉಂಟು. ವ್ಯಾನಿನವನಿಗೆ ರೂಮು ಬೇಡ, ಆದರೆ ಕುಡಿಯುವ ನೀರು ಬೇಕು, ಮೊಟ್ಟೆ, ಟೊಮೆಟೊ, ಹಾಲು, ಸೊಳ್ಳೆಬತ್ತಿ ಬೇಕು, ಪಂಕ್ಚರ್ ಅಂಗಡಿ ಬೇಕು. ದೊಡ್ಡ ಹೋಟೆಲಿನವರಿಗೆ ಹೋಗುವ ದುಡ್ಡು ಹಳ್ಳಿಯ ಕಿರಾಣಿ ಅಂಗಡಿಗೆ ಬೀಳುತ್ತದೆ. ಒಂದು ಮಳೆ ಬಿದ್ದರಂತೂ ಎರೆಮಣ್ಣಿನಲ್ಲಿ ಹೂತ ಗಾಲಿ ಎಳೆಯಲು ಟ್ರಾಕ್ಟರಿನವನಿಗೂ ಕೆಲಸ! (ಆ ರೇಟು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.)

ಆದರೆ ಜಾಗ ಯಾವುದು ಅಂತ ಊರವರೇ ಮೊದಲು ಗೊತ್ತುಮಾಡಬೇಕು. ಹೊಳೆಯ ಒಡಲಲ್ಲಿ, ಮರಳಿನ ಮೇಲೆ, ನಡುಗಡ್ಡೆಯಲ್ಲಿ ಖಂಡಿತ ಬೇಡ. ಮರಳು ತೆಗೆದ ಕಡೆ ಗುಂಡಿ ಎಲ್ಲಿದೆ ಅಂತ ನೀರಿನ ಮೇಲಿಂದ ಕಾಣುವುದಿಲ್ಲ. ಮೊಸಳೆಯೂ ಇರುವ ಹೊಳೆ ಇದು. ಮೇಲೆ ಕಂಪ್ಲಿಯ ತನಕ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಕಾಯ್ದಿಟ್ಟಿದ್ದಾರೆ. ಅಲ್ಲಿ ರಾತ್ರಿ ದೀಪ, ಪದ್ಯದ ಪೆಟ್ಟಿಗೆ ಹಚ್ಚಿ ಗದ್ದಲ ಮಾಡುವುದೂ ಸಲ್ಲದು. ನೆರೆ ಬಂದಾಗ ನೀರು ಎಲ್ಲಿಯ ತನಕ ಏರುತ್ತದೆ ಅಂತ ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಆ ಗುರುತಿನ ಮೇಲೆ, ಊರಿನ ದೀಪ ಕಾಣುವಷ್ಟು ಹತ್ತಿರ, ಗಟ್ಟಿ ನೆಲ ನೋಡಬೇಕು.

ಎರಡನೆಯದು ಸಂಡಾಸದ ಮಾತು. ವ್ಯಾನಿನೊಳಗಿನ ಸಂಡಾಸಕ್ಕೆ ಕೆಳಗೆ ಒಂದು ಟಾಕಿ ಇರುತ್ತದೆ. ಅದು ತುಂಬಿದ ಮೇಲೆ ಎಲ್ಲಿ ಖಾಲಿ ಮಾಡುತ್ತಾರೆ? ಹೊಳೆಯಲ್ಲಂತೂ ಕೂಡದು. ಕೆಳಗಿನ ಊರಿನವರು ಅದೇ ನೀರು ತುಂಬಿಕೊಳ್ಳುತ್ತಾರೆ. ಗುಂಡಿ ತೋಡಿ ಮುಚ್ಚಳ ಹಾಕಿ ಜಾಗ ತೋರಿಸಿದರೆ ಮಾತ್ರ ವ್ಯಾನಿಗೆ ಅಪ್ಪಣೆ ಅಂತ ಪಂಚಾಯತಿ ಹೇಳಬೇಕು. ಕಾಯಂ ಕಟ್ಟಡ ಕಟ್ಟುವ ಉಮೇದಿನವರು ಮೊದಲು ಕಂದಾಯ ಇಲಾಖೆಯ ಕಾಗದ ಕೈಯಲ್ಲಿ ಹಿಡಿದು ಆಮೇಲೆ ಸಿಮೆಂಟಿಗೆ ಹೇಳಲಿ.

ಕಾಲವೂ ನೋಡಬೇಕು. ನವೆಂಬರಿನಿಂದ ಫೆಬ್ರವರಿ ತನಕ ಚಂದ. ಏಪ್ರಿಲ್, ಮೇ ತಿಂಗಳ ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ನೆರಳಿಲ್ಲದೆ ನಿಂತ ತಗಡಿನ ವ್ಯಾನು ರೊಟ್ಟಿಯ ಹಂಚಿಗೆ ಸಮ. ಜೂನ್ ಆದಮೇಲೆ ಹೊಳೆ ಯಾರ ಮಾತೂ ಕೇಳುವುದಿಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು, ಖರ್ಚೇ ಇಲ್ಲದ್ದು ಒಂದಿದೆ. ಪಂಚಾಯತಿಯಲ್ಲಿ ಒಂದು ವಹಿ. ಪಂಚಾಯತಿ ಬಾಗಿಲು ಸಂಜೆ ಮುಚ್ಚಿದ್ದರೆ ಹೊಳೆಯ ದಾರಿಯ ಕೊನೆಯ ಅಂಗಡಿಯಲ್ಲಿ ಒಂದು ನೋಟುಬುಕ್ಕು. ಹೊಳೆಗೆ ಇಳಿಯುವವನು ನೀರಿನ ಬಾಟಲಿ ಕೊಳ್ಳಲು ಅಲ್ಲಿ ನಿಂತೇ ನಿಲ್ಲುತ್ತಾನೆ. ವಾಹನದ ನಂಬರು, ಎಷ್ಟು ಮಂದಿ, ಯಾವ ಕಡೆ ತಂಗುತ್ತಾರೆ, ಯಾವಾಗ ವಾಪಸು, ಒಂದು ಫೋನ್ ನಂಬರು. ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಅಂಗಡಿಯವರು ಆ ಪುಟ ತೆರೆದು ಫೋನು ಹಚ್ಚಬೇಕು, ಹತ್ತದಿದ್ದರೆ ಹುಡುಗನನ್ನು ಸೈಕಲ್ ಮೇಲೆ ಓಡಿಸಬೇಕು. ಬೆಳಿಗ್ಗೆ ವ್ಯಾನು ವಾಪಸು ಬಂದಾಗ ಆ ಸಾಲಿನ ಮೇಲೆ ಒಂದು ಗೀಟು ಎಳೆದರಾಯಿತು.